ಕುಪ್ಯ-ಚೇಲೆ ತೊಟ್ಟ 12 ಇಂಚಿನ ಗೊಂಬೆ: ಬಟ್ಟೆ, ತಂತಿ, ಮರದ ಕೆಲಸ ಎಲ್ಲಿಗೆ ಬಂತು

ಆರನೇ ಒಂದು ಅಳತೆಯ ಆಕ್ಷನ್ ಫಿಗರ್‌ಗೆ ಕೊಡವ ಉಡುಗೆ ತೊಡಿಸುವ ಕೆಲಸ ಅರ್ಧ ದಾಟಿದೆ. ಒಳಗಿನ ಬಿಳಿ ಅಂಗಿ, ಅದರ ಮೇಲೆ ತೊಡುವ ಕಪ್ಪು ನಿಲುವಂಗಿ ಕುಪ್ಯ ಎರಡೂ ಮುಗಿದಿವೆ. ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆ ಕತ್ತಿಯ ಒರೆ ನಡೆಯುತ್ತಿದೆ, ತಲೆಯ ಪೇಟ ಮಂಡೆ ತುಣಿ ಬಾಕಿ.

ದೊಡ್ಡವರ ಕುಪ್ಯದ ಬಟ್ಟೆಯನ್ನೇ ಕತ್ತರಿಸಿ ಹೊಲಿದರೆ ಆಗುವುದಿಲ್ಲ. ಅರ್ಧ ಮಿ.ಮೀ. ದಪ್ಪದ ಬಟ್ಟೆ ಈ ಅಳತೆಯಲ್ಲಿ 3 ಮಿ.ಮೀ. ದಪ್ಪಕ್ಕೆ ಸಮ, ಕಂಬಳಿ ಹೊದ್ದಂತೆ ಕಾಣುತ್ತದೆ. 1964ರಲ್ಲಿ ಬಂದ ಅಮೆರಿಕದ ಸೈನಿಕ ಗೊಂಬೆ ಜಿ.ಐ. ಜೋದ ಬಟ್ಟೆಯ ಸಮವಸ್ತ್ರಕ್ಕೂ ಇದೇ ತೊಡಕಿತ್ತು. ಇಲ್ಲಿ ಆರಿಸಿದ್ದು ರವಿಕೆಗೆ ಬಳಸುವ ಕಪ್ಪು ರೂಬಿಯಾ. ಭುಜದಿಂದ ಮಂಡಿಗೆ 16 ಸೆಂ.ಮೀ., ತೋಳು ಮೊಣಕೈವರೆಗೆ. 9 ನಂಬರ್ ಸೂಜಿ, 1.5 ಮಿ.ಮೀ. ಹೊಲಿಗೆ, ಅಂಚಿಗೆ 4 ಮಿ.ಮೀ. ಬಿಟ್ಟರೆ ಸಾಕು. ಎಳೆ ಬಿಚ್ಚದಂತೆ ಅಂಚಿಗೆ ನೀರು ಬೆರೆಸಿದ ಬಿಳಿ ಅಂಟನ್ನು ಒಳಬದಿಯಿಂದಲೇ ಸವರಬೇಕು. ಹೊರಗೆ ತಾಗಿದರೆ ಕಪ್ಪಿನ ಮೇಲೆ ಹೊಳೆಯುವ ಕಲೆ ಉಳಿಯುತ್ತದೆ.

ಕಪ್ಪು ಬಣ್ಣ ಬಿಡುವುದೇ ದೊಡ್ಡ ಅಪಾಯ. ಗೊಂಬೆಯ ಮೈ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಆದರೆ ಬಣ್ಣ ಒಳಕ್ಕೆ ಇಳಿಯುತ್ತದೆ, ಆಮೇಲೆ ಉಜ್ಜಿದರೂ ಹೋಗದು. ಕತ್ತರಿಸುವ ಮೊದಲೇ ಬಟ್ಟೆಯನ್ನು ಬಿಸಿನೀರಿನಲ್ಲಿ, ನೀರು ತಿಳಿಯಾಗುವವರೆಗೂ ಒಗೆಯಬೇಕು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದರೆ ಗೊತ್ತಾಗುತ್ತದೆ. ಕುಪ್ಯದೊಳಗೆ ತುಂಬುತೋಳಿನ ಬಿಳಿ ಅಂಗಿ ಇರುವುದು ಇಲ್ಲಿ ಒಳ್ಳೆಯದೇ ಆಯಿತು, ಮೈಗೂ ಕಪ್ಪಿಗೂ ನಡುವೆ ತಡೆ ಸಿಕ್ಕಿತು.

ಕುಪ್ಯದ ಕೆಳಅಂಚು ಬೇಕಾದಂತೆ ನಿಲ್ಲಲು ಮಡಿಕೆಯೊಳಗೆ ತಂತಿ ಬೇಕು. ಕಬ್ಬಿಣದ್ದು ಬೇಡ; ಮಡಿಕೇರಿಯ ಮಳೆಗಾಲ ಒಂದು ಸಾಕು, ತುಕ್ಕು ಬಟ್ಟೆಗೆ ಇಳಿಯುತ್ತದೆ. ಮೋಟಾರ್ ರೀವೈಂಡಿಂಗ್ ಅಂಗಡಿಯ 30 ಗೇಜ್ ಎನಾಮಲ್ ತಾಮ್ರದ ತಂತಿ ಸರಿ. ತುದಿಗಳನ್ನು ಮಡಚಿ ಹಾಕದಿದ್ದರೆ ಬಟ್ಟೆ ಚುಚ್ಚಿ ಹೊರಬರುತ್ತದೆ.

ಕುಪ್ಯದ ಮೇಲೆ ಸೊಂಟಕ್ಕೆ ಸುತ್ತುವ ಚೇಲೆಗೆ ತೆಳು ಕೆಂಪು ರೇಷ್ಮೆ. ಜರಿ ಅಂಚು ದಪ್ಪವೆಂದು ಕೈಬಿಟ್ಟು, ಒಂದೆಳೆ ಚಿನ್ನದ ದಾರದಲ್ಲಿ ಗೆರೆ ಹಾಕಿದೆ. ನೆರಿಗೆ ಹಿಡಿದು ಪಿನ್ ಚುಚ್ಚಿ, ದೂರದಿಂದ ಹಬೆ ಕೊಟ್ಟು, ಆರಿದ ಮೇಲೆ ಪಿನ್ ತೆಗೆಯುವುದು. ನೀರು ಚಿಮುಕಿಸಿದರೆ ರೇಷ್ಮೆಯಲ್ಲಿ ಕಲೆ ನಿಲ್ಲುತ್ತದೆ.

ಒರೆಗೆ ಕಾಫಿ ಮರ. ತೋಟದಲ್ಲಿ ಗಿಡ ಸವರುವಾಗ ಕತ್ತರಿಸಿ ಬಿಸಾಡುವ ರೆಂಬೆಯೇ ಸಾಕು. ಎಳೆ ಒತ್ತಾಗಿರುವುದರಿಂದ 5 ಸೆಂ.ಮೀ. ಒರೆಯಲ್ಲೂ ಕೆತ್ತನೆ ನಿಲ್ಲುತ್ತದೆ. ಹಸಿ ರೆಂಬೆಯ ಎರಡೂ ತುದಿಗೆ ಮೇಣ ಹಚ್ಚಿ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೀಳುತ್ತದೆ. ಕಟ್ಟುಗಳಿಗೆ 0.2 ಮಿ.ಮೀ. ಹಿತ್ತಾಳೆ ತಗಡು.

ಬೂಟಿಗೆ ಪಿಯು ರೆಕ್ಸಿನ್ (ಪಾಲಿಯುರೆಥೇನ್ ಲೇಪದ ಕೃತಕ ತೊಗಲು) ಬಳಸುವ ಯೋಚನೆ ಬಿಟ್ಟಾಗಿದೆ: ತೇವಾಂಶಕ್ಕೆ ಅದರ ಮೇಲ್ಪದರ ಕೆಲವೇ ವರ್ಷಗಳಲ್ಲಿ ಸುಲಿಯುತ್ತದೆ. ಒಳಬದಿಯಿಂದ ಅರ್ಧ ಮಿ.ಮೀ.ಗೆ ಹೆರೆದ ಅಸಲಿ ತೊಗಲೇ ಬಾಳುವುದು. ಅದಕ್ಕೆ ಬೂಸ್ಟು ಹಿಡಿಯದಂತೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಮಳೆ ಮುಗಿಯುವವರೆಗೆ ಆಗಾಗ ಬಿಸಿ ಮಾಡಿ ಒಣಗಿಸಿಡಬೇಕು.