ಥಿಯರಿ ಆಮೇಲೆ, ಮೊದ್ಲು ಪದ್ಯ ಓದ್ರಪ್ಪ
ಡಿಗ್ರಿ ಹುಡುಗ್ರಿಗೆ ಹಳಗನ್ನಡ ಪಾಠ ಮಾಡೋದು ನನ್ನ ಕೆಲಸ. ಅಸೈನ್‌ಮೆಂಟ್ ತಿದ್ದೋವಾಗ ಒಂದು ವಿಷ್ಯ ಪದೇ ಪದೇ ಕಣ್ಣಿಗೆ ಬೀಳತ್ತೆ, ಸ್ತ್ರೀವಾದಿ ಓದು, ಮಾರ್ಕ್ಸ್‌ವಾದಿ ಓದು, ಚಾರಿತ್ರಿಕ ಓದು ಅಂತ ಹೆಡ್ಡಿಂಗ್ ಹಾಕ್ಕೊಂಡೇ ಶುರು ಮಾಡ್ತಾರೆ, ತೀರ್ಪು ಮೊದ್ಲೇ ರೆಡಿ, ಪಾಪ ಪದ್ಯ ಬರೀ ಸಾಕ್ಷಿ ಹೇಳೋಕೆ ಬಂದು ನಿಂತಿರತ್ತೆ.

ಅದಕ್ಕೇ ಪಂಪಭಾರತ ಶುರು ಮಾಡೋವಾಗ ನಾನು ಕೇಳೋದು ಒಂದೇ: ವ್ಯಾಸಭಾರತದ ಕಥೇನ ಈ ಕವಿ ಎಲ್ಲೆಲ್ಲಿ ಬದಲಾಯಿಸಿದಾನೆ? ದ್ರೌಪದಿ ಇಲ್ಲಿ ಅರ್ಜುನ ಒಬ್ಬನಿಗೇ ಹೆಂಡ್ತಿ ಅನ್ನೋದು ಎಲ್ರಿಗೂ ಬೇಗ ಸಿಗತ್ತೆ. ಯಾಕೆ ಅಂದ್ರೆ ಚಾರಿತ್ರಿಕ ಓದು ಸಲೀಸಾಗಿ ಉತ್ತರ ಕೊಡತ್ತೆ, 941ರ ಸುಮಾರಿನ ಕಾವ್ಯ, ಆಶ್ರಯ ಕೊಟ್ಟ ಚಾಲುಕ್ಯ ಅರಿಕೇಸರಿನೇ ಇಲ್ಲಿ ಅರ್ಜುನ, ಹಾಗಿರೋವಾಗ ರಾಜನ ಹೆಂಡ್ತೀನ ಐದು ಜನರಿಗೆ ಹಂಚೋಕಾಗತ್ತಾ. ಸರಿ ಒಪ್ಪೋಣ. ಆದ್ರೆ ದುಶ್ಶಾಸನನ್ನ ಕೊಂದು ಅವಳ ಮುಡಿ ಕಟ್ಟೋದು ಭೀಮನೇ, ಗಂಡ ಅಲ್ಲ. ಕೊನೇಲಿ ಅರ್ಜುನನ ಜೊತೆ ಪಟ್ಟಕ್ಕೆ ಕೂರೋದೋ ಸುಭದ್ರೆ! ಅವಮಾನ ನುಂಗಿದೋಳು ಒಬ್ಳು, ಸಿಂಹಾಸನ ಏರಿದೋಳು ಇನ್ನೊಬ್ಳು. ಸ್ತ್ರೀವಾದಿ ಓದಿಗೆ ನಿಜವಾದ ಕೆಲಸ ಇರೋದು ಇಲ್ಲಿ, ಹುಡುಗ್ರು ಮಾತ್ರ ಸ್ವಯಂವರದ ಹತ್ರಾನೇ ನಿಂತುಬಿಟ್ಟಿರ್ತಾರೆ.

ಇನ್ನು ಕರ್ಣ. ಅರ್ಜುನನ್ನ ಮೆರೆಸೋಕೆ ಅಂತ ಬರೆದ ಕಾವ್ಯದಲ್ಲೇ ಕವಿ ಕರ್ಣ ಸತ್ತ ಜಾಗದಲ್ಲಿ ನಿಂತು, ಭಾರತದಲ್ಲಿ ನೆನೆಯೋದಾದ್ರೆ ಕರ್ಣನ್ನ ನೆನೀರಿ ಅಂತಾನೆ. ಆಸ್ಥಾನ, ಆಶ್ರಯ, ಋಣ ಎಲ್ಲಾ ಲೆಕ್ಕ ಹಾಕಿದ್ರೂ ಈ ಮಾತು ಆ ಲೆಕ್ಕಕ್ಕೆ ಪೂರ್ತಿ ಸಿಗಲ್ಲ, ಅಲ್ಲಿ ರಸ (ಪದ್ಯ ಓದೋವಾಗ ಮನಸ್ಸಿಗಾಗೋ ಭಾವದ ಅನುಭವ), ಧ್ವನಿ (ನೇರವಾಗಿ ಹೇಳದೆ ಸೂಚಿಸೋ ಅರ್ಥ) ಅಂತ ಹಳೇ ಕಾವ್ಯಮೀಮಾಂಸೆ ಕಡೆ ಹೋಗ್ಲೇಬೇಕು (ಅದನ್ನ ಔಟ್‌ಡೇಟೆಡ್ ಅನ್ನೋರಿಗೆ ಈ ಭಾಗ ಓದೋಕೆ ಕೊಡ್ತೀನಿ). ರನ್ನನ ಗದಾಯುದ್ಧದಲ್ಲೂ ಹೀಗೇ, ಅವನಿಗೆ ಆಶ್ರಯ ಕೊಟ್ಟ ರಾಜ ಸತ್ಯಾಶ್ರಯನೇ ಭೀಮ, ಓದ್ತಾ ಓದ್ತಾ ಮನಸ್ಸು ವಾಲೋದು ಮಾತ್ರ ದುರ್ಯೋಧನನ ಕಡೆ.

ಈಗ ಅಸೈನ್‌ಮೆಂಟಿಗೆ ಒಂದು ಕಂಡೀಷನ್ ಹಾಕಿದೀನಿ. ಯಾವ ದಾರೀಲಾದ್ರೂ ಓದಿ, ಆದ್ರೆ ಆ ದಾರಿಗೆ ಬಗ್ಗದ ಒಂದು ಪದ್ಯಾನಾದ್ರೂ ಹುಡುಕಿ ತೋರಿಸ್ಬೇಕು. ಗೈಡಲ್ಲಿ ಇದಕ್ಕೆ ಉತ್ತರ ಸಿಗಲ್ಲ, ಹಾಗಾಗಿ ಹುಡುಗ್ರಿಗೆ ನನ್ ಮೇಲೆ ಸ್ವಲ್ಪ ಕೋಪ ಇದೆ.