ಮೆಷಿನ್‌ನಲ್ಲಿ ಉಸಿರಾಡಿಸಿದ್ದಕ್ಕೇ ಅಪ್ಪ ಹೀಗಾದ್ರಾ?

ನಾನು ಮಡಿಕೇರಿಯಲ್ಲಿ ಅರಿವಳಿಕೆ ವೈದ್ಯೆ. ಆಪರೇಷನ್ ಆದ ಎರಡನೇ ದಿನವೋ ಮೂರನೇ ದಿನವೋ ವಾರ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಮನೆಯವರು ಕೇಳುತ್ತಾರೆ: "ಡಾಕ್ಟ್ರೇ, ಬರುವಾಗ ಅಪ್ಪ ಚೆನ್ನಾಗಿಯೇ ಮಾತಾಡ್ತಿದ್ರು. ಈಗ ನನ್ನ ಗುರುತೇ ಹಿಡೀತಿಲ್ಲ. ಮೆಷಿನ್‌ನಲ್ಲಿ ಉಸಿರಾಡಿಸಿದ್ದಕ್ಕೇ ಹೀಗಾಯ್ತಾ?"

ಕೋವಿಡ್ ಸಮಯದಲ್ಲಿ ವೆಂಟಿಲೇಟರ್ ಅನ್ನುವ ಹೆಸರಿಗೆ ಅಂಟಿಕೊಂಡ ಹೆದರಿಕೆ ಇನ್ನೂ ಹೋಗಿಲ್ಲ. ಹಾಗಾಗಿ ಮೊದಲು ಆ ಮೆಷಿನ್ ಬಗ್ಗೆ.

ಹೊಟ್ಟೆಯ ಆಪರೇಷನ್‌ನಲ್ಲಿ ಸ್ನಾಯು ಬಿಗಿಯಾಗಿದ್ದರೆ ಸರ್ಜನ್‌ಗೆ ಕೈಯಾಡಿಸಲು ಆಗುವುದಿಲ್ಲ. ಅದಕ್ಕೇ ಅರಿವಳಿಕೆ ಕೊಟ್ಟ ಮೇಲೆ ಸ್ನಾಯು ಸಡಿಲವಾಗುವ ಔಷಧಿಯನ್ನೂ ಕೊಡುತ್ತೇವೆ. ಆ ಔಷಧಿಗೆ ಉಸಿರಾಡುವ ಸ್ನಾಯುಗಳೂ ಸುಮ್ಮನಾಗುತ್ತವೆ. ಆಗ ಬಾಯಿಂದ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ, ಮೆಷಿನ್‌ನಿಂದ ಉಸಿರು ಕೊಡುತ್ತೇವೆ. 60 ಕೆಜಿಯವರಿಗೆ ಒಂದು ಉಸಿರಿಗೆ ಸುಮಾರು 400 ಮಿಲಿ ಲೀಟರ್ ಗಾಳಿ, ನಿಮಿಷಕ್ಕೆ 12ರಿಂದ 14 ಸಲ.

ನನ್ನ ಕಣ್ಣು ಹೆಚ್ಚು ಹೊತ್ತು ಇರುವುದು ಪರದೆಯ ಒಂದು ಗೆರೆಯ ಮೇಲೆ. ರೋಗಿ ಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಅದು ತೋರಿಸುತ್ತದೆ. ಪ್ರತಿ ಉಸಿರಿಗೂ ಗೆರೆ ಸರ್ರನೆ ಏರಿ, ಮೇಲೆ ಸ್ವಲ್ಪ ಸಮತಟ್ಟಾಗಿ ಹೋಗಿ, ಇಳಿಯುತ್ತದೆ. ಪಕ್ಕದ ಅಂಕಿ ಸಾಮಾನ್ಯವಾಗಿ 35ರಿಂದ 45ರೊಳಗೆ ಇರಬೇಕು. ಉಸಿರು ಜಾಸ್ತಿ ಕೊಟ್ಟರೆ ಅಂಕಿ ಕುಸಿಯುತ್ತದೆ, ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ. ಆಕ್ಸಿಜನ್ ಕಮ್ಮಿಯಾದರೂ ಮೆದುಳಿಗೆ ಪೆಟ್ಟು. ಅದಕ್ಕೇ ಆಪರೇಷನ್ ಮುಗಿಯುವವರೆಗೂ ನಮ್ಮಲ್ಲೊಬ್ಬರು ರೋಗಿಯ ತಲೆಯ ಹತ್ತಿರ ಇದ್ದೇ ಇರುತ್ತೇವೆ.

ಆದರೂ ಈ ಗೊಂದಲಕ್ಕೆ ಬರೀ ಮೆಷಿನ್ ಕಾರಣ ಅನ್ನಲು ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಸೊಂಟದ ಮೂಳೆ ಮುರಿದುಕೊಂಡು ಬರುವ ಹಿರಿಯರನ್ನೇ ನೋಡಿ. ಅವರಲ್ಲಿ ಎಷ್ಟೋ ಜನಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡುತ್ತೇವೆ. ಟ್ಯೂಬ್ ಇಲ್ಲ, ಮೆಷಿನ್ ಇಲ್ಲ, ಉಸಿರು ಅವರದ್ದೇ. ಅವರಿಗೂ ಗೊಂದಲ ಆಗುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ಇಂಥ 1,600 ರೋಗಿಗಳನ್ನು ಸೇರಿಸಿಕೊಂಡು ಮಾಡಿದ ಅಧ್ಯಯನ 2021ರಲ್ಲಿ ಬಂತು. ಬೆನ್ನಿಗೆ ಇಂಜೆಕ್ಷನ್ ಆಗಲಿ, ಪೂರ್ತಿ ಅರಿವಳಿಕೆ ಆಗಲಿ, ಹೆಚ್ಚುಕಮ್ಮಿ ಐವರಲ್ಲಿ ಒಬ್ಬರಿಗೆ ಗೊಂದಲ ಬಂದಿತ್ತು.

ಇದನ್ನು ಡೆಲಿರಿಯಂ ಅನ್ನುತ್ತೇವೆ. ಹುಚ್ಚು ಅಲ್ಲ. ಬೆಳಗ್ಗೆ ಸರಿ ಇದ್ದವರು ಸಂಜೆಗೆ ಗೋಡೆಯ ಮೇಲೆ ಹುಳು ಹರಿಯುತ್ತಿದೆ ಅನ್ನಬಹುದು, ಡ್ರಿಪ್ ಕಿತ್ತು ಹಾಕಬಹುದು. ವಯಸ್ಸು, ಮೊದಲೇ ಇದ್ದ ಮರೆವು, ಮಂದ ಕಣ್ಣು, ಮಂದ ಕಿವಿ ದಾರಿ ಮಾಡಿಕೊಡುತ್ತವೆ. ಅದರ ಮೇಲೆ ನೋವು, ನಿದ್ದೆಗೇಡು, ಜ್ವರ, ಕಟ್ಟಿಕೊಂಡ ಮೂತ್ರ, ರಕ್ತದಲ್ಲಿ ಇಳಿದ ಸೋಡಿಯಂ, ಇವುಗಳಲ್ಲಿ ಒಂದೆರಡು ಸೇರಿದರೂ ಸಾಕು. ಕೆಲವು ಔಷಧಿಗಳಿಂದಲೂ ಆಗುತ್ತದೆ, ಅದರಲ್ಲಿ ನಾವು ಕೊಡುವವೂ ಇವೆ.

ಒಬ್ಬ ಕೊಡವ ಅಜ್ಜಿಯನ್ನು ನಾನು ಮರೆಯುವುದಿಲ್ಲ. ಜುಲೈ ಕೊನೆ, ಹೊರಗೆ ಬಿಡದೆ ಮಳೆ. ಹೊರಗಿನಿಂದ ಬಂದ ನರ್ಸ್ ಕನ್ನಡದಲ್ಲಿ "ಇದು ಯಾವ ತಿಂಗಳು ಅಜ್ಜಿ?" ಅಂತ ಕೇಳಿದ್ದಾರೆ. ಮೂರು ಸಲ ಕೂಗಿ ಕೇಳಿದ ಮೇಲೆ ಅಜ್ಜಿ "ಕಕ್ಕಡ" ಅಂದಿದ್ದಾರೆ. ಕೇಸ್ ಶೀಟ್‌ನಲ್ಲಿ 'ಗೊಂದಲವಿದೆ' ಎಂದು ಬರೆದಾಯಿತು. ನಾನೂ ಓದಿ, ಹೌದು ಅಂದುಕೊಂಡು ಮುಂದೆ ಹೋದೆ. ಸಂಜೆ ಮಗಳು ಬಂದು, "ಅವ್ವ ಸರಿಯಾಗೇ ಹೇಳಿದ್ದಾರಲ್ಲ, ನಮ್ಮ ಕೊಡವ ಲೆಕ್ಕದಲ್ಲಿ ಇದು ಕಕ್ಕಡ ತಿಂಗಳೇ" ಅಂದರು. ನನಗೆ ತುಂಬಾ ಬೇಜಾರಾಯಿತು. ಅಜ್ಜಿಯ ಕಿವಿ ಮೆಷಿನ್ ಮಂಚದ ಕೆಳಗಿನ ಚೀಲದಲ್ಲಿ, ಕರ್ಚೀಫಿನಲ್ಲಿ ಸುತ್ತಿಟ್ಟ ಹಾಗೇ ಇತ್ತು. ಕಿವಿಗೆ ಹಾಕಿದ ಮೇಲೆ ಅಜ್ಜಿ ಮೊದಲು ಕೇಳಿದ್ದು, ನಾಟಿ ಮುಗೀತಾ ಅಂತ.

ಅಂದಿನಿಂದ ಆಪರೇಷನ್‌ಗೆ ಮುಂಚೆಯೇ ಹೇಳುತ್ತೇನೆ: ಕನ್ನಡಕ, ಹಲ್ಲಿನ ಸೆಟ್, ಕಿವಿ ಮೆಷಿನ್ ತನ್ನಿ. ಥಿಯೇಟರ್‌ಗೆ ಹೋಗುವಾಗ ತೆಗೆದಿಟ್ಟದ್ದನ್ನು, ಎಚ್ಚರ ಆದ ಮೇಲೆ ನಾವು ಹೇಳಿದ ಕೂಡಲೇ ಹಾಕಿಸಿ. ಮನೆಯ ಭಾಷೆಯಲ್ಲೇ ಮಾತಾಡಿ, ಕೊಡವ ತಕ್ಕ್ ಆಗಲಿ, ಅರೆಭಾಷೆ ಆಗಲಿ, ಮಲಯಾಳ ಆಗಲಿ. ಹಗಲು ಕಿಟಕಿ ತೆರೆದು ಕೂರಿಸಿ, ರಾತ್ರಿ ದೀಪ ಮಂದ ಮಾಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯೆ ಶರಾನ್ ಇನೂಯೆ ಮತ್ತು ತಂಡ 852 ಹಿರಿಯ ರೋಗಿಗಳಲ್ಲಿ ಇಂಥ ಆರೈಕೆಯನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಆ ರೋಗಿಗಳು ಆಪರೇಷನ್‌ಗೆ ಬಂದವರಲ್ಲ, ಬೇರೆ ಕಾಯಿಲೆಗೆ ದಾಖಲಾದವರು. ಡೆಲಿರಿಯಂ ನೂರಕ್ಕೆ 15ರಿಂದ ಸುಮಾರು 10ಕ್ಕೆ ಇಳಿದಿತ್ತು.

ಕೂಗಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ನನಗೆ ಜಾಸ್ತಿ ಚಿಂತೆ ಸುಮ್ನೆ ಮಲಗಿರುವವರದ್ದು. "ಪಾಪ, ಸುಸ್ತಾಗಿದೆ" ಅಂದುಕೊಳ್ಳುತ್ತೇವೆ, ಅಲ್ವಾ? ಅದೂ ಡೆಲಿರಿಯಂ ಇರಬಹುದು. ಊಟ ಬಾಯಲ್ಲೇ ಇಟ್ಟುಕೊಂಡು ಮಂಪರಿನಲ್ಲಿದ್ದರೆ ತಕ್ಷಣ ನಮ್ಮನ್ನು ಕರೆಯಿರಿ. ಒಂದು ನಿದ್ದೆ ಮಾತ್ರೆ ಕೊಡಿ ಅಂತಲೂ ಕೇಳುತ್ತೀರಿ. ಅಲ್ಪ್ರಜೋಲಾಮ್‌ನಂಥ ಮಾತ್ರೆ ಹಿರಿಯರಲ್ಲಿ ಗೊಂದಲವನ್ನು ಇನ್ನೂ ಹೆಚ್ಚಿಸಬಹುದು. ಮನೆಯಿಂದ ತಂದದ್ದನ್ನು ನೀವಾಗಿ ಕೊಡಬೇಡಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಮುಂಚೆಯೇ ತಿಳಿಸಿ.

ಇನ್ನೊಂದು ಮಾತು, ದಯವಿಟ್ಟು ಮುಚ್ಚಿಡಬೇಡಿ. ದಿನಾ ಕುಡಿಯುವವರು ಆಪರೇಷನ್‌ಗೆಂದು ಒಮ್ಮೆಲೇ ನಿಲ್ಲಿಸಿದರೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು, ಭ್ರಮೆ ಶುರುವಾಗಬಹುದು. ಜೀವಕ್ಕೇ ಅಪಾಯ. ಅದರ ಚಿಕಿತ್ಸೆಯೇ ಬೇರೆ. ರಾತ್ರಿ ಎರಡು ಪೆಗ್ ಅಂದರೆ ಎರಡು ಪೆಗ್ ಅಂತಲೇ ಹೇಳಿ, ನಾಲ್ಕಾದರೆ ನಾಲ್ಕು. ನಾನು ಬೈಯುವುದಿಲ್ಲ.

ಅಪ್ಪ ಮೊದಲಿನ ಹಾಗೆ ಆಗ್ತಾರಾ ಅಂದರೆ, ಹೆಚ್ಚಿನವರು ಕೆಲವು ದಿನಗಳಲ್ಲಿ ಸರಿ ಹೋಗುತ್ತಾರೆ. ಕೆಲವರಿಗೆ ವಾರಗಳು ಹಿಡಿಯುತ್ತವೆ. ಮೊದಲೇ ಮರೆವು ಇದ್ದವರಲ್ಲಿ ಕೆಲವರು ಪೂರ್ತಿ ಹಿಂದಿನ ಹಾಗೆ ಆಗದೆಯೂ ಇರಬಹುದು, ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ. ಮನೆಗೆ ಹೋದ ಮೇಲೂ ಗೊಂದಲ ಉಳಿದಿದ್ದರೆ, ಅಥವಾ ಕಮ್ಮಿಯಾಗಿದ್ದದ್ದು ಮತ್ತೆ ಜಾಸ್ತಿಯಾದರೆ, ಮುಂದಿನ ಚೆಕಪ್‌ವರೆಗೆ ಕಾಯಬೇಡಿ. ಕರೆದುಕೊಂಡು ಬನ್ನಿ.