ಅವನ ‘ಬೇ’

ನಮ್ಮ ಸ್ಕೂಲಲ್ಲಿ ನನ್ನನ್ನು ಎಲ್ಲರೂ ಕರೆಯೋದು ‘ಮಾತಿನ ಮಿಸ್’ ಅಂತ. ಸ್ಪೀಚ್ ಪೆಥಾಲಜಿಸ್ಟ್ ಅನ್ನೋದು ಆಯಮ್ಮಂದಿರ ಬಾಯಲ್ಲಿ ತಿರುಗಲ್ಲ. ಅಪ್ಪ ಅಮ್ಮಂದಿರೂ ಆ ಹೆಸರನ್ನು ನಂಬಿಕೊಂಡೇ ಬರುತ್ತಾರೆ. ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಕೇಳುತ್ತಾರೆ, "ಯಾವಾಗ ಮಾತು ಬರುತ್ತೆ ಮೇಡಂ?" ಅಷ್ಟು ಹೊತ್ತಿಗೆ ಅವರು ಬಜೆ ತೇಯ್ದು ಜೇನಿನಲ್ಲಿ ಕಲಸಿ ಮಗುವಿನ ನಾಲಿಗೆಗೆ ಹಚ್ಚಿ ಆಗಿರುತ್ತೆ. ಹರಕೆ ಹೊತ್ತಾಗಿರುತ್ತೆ. ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತಾ ಅಂತ ಯಾರನ್ನೋ ಕೇಳಿಯೂ ಆಗಿರುತ್ತೆ. ಕೊನೆಯ ಬಾಗಿಲು ನಾನು.

ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಶುರುವಾದ ಹಳೆಯ ಸಂಸ್ಥೆ. ನಾಲ್ಕು ವರ್ಷದ ಕೋರ್ಸ್, ಅದರಲ್ಲಿ ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಅಲ್ಲಿಂದ ಹೊರಗೆ ಬಂದಾಗ ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ ಇತ್ತು. ಮಗು ‘ರ’ ಬದಲು ‘ಲ’ ಅಂದಿದ್ದನ್ನು ಪಕ್ಕದ ರೂಮಿನಿಂದಲೇ ಹಿಡಿಯುತ್ತಿದ್ದೆ. ಬಸ್ಸಲ್ಲಿ ಕೂತರೂ ಕಂಡಕ್ಟರ್ ದನಿ ಯಾಕೆ ಹೀಗೆ ಒಡೆದಿದೆ ಅಂತ ಯೋಚಿಸುವ ಚಟ.

ಈ ಕಥೆ ಆ ಕಿವಿಯದ್ದೇ.

ಹುಡುಗನನ್ನು ಪುಟ್ಟ ಅಂತ ಕರೆಯುತ್ತೇನೆ, ನಿಜವಾದ ಹೆಸರು ಬೇರೆ. ಒಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗದ ಸ್ಥಿತಿ. ಕೈ, ಕಾಲು, ಕುತ್ತಿಗೆ ಎಲ್ಲ ಬಿಗಿ. ಮರದ ಕುರ್ಚಿಯಲ್ಲಿ ಸೊಂಟಕ್ಕೆ, ಎದೆಗೆ ಬೆಲ್ಟ್ ಹಾಕಿ ಕೂರಿಸಬೇಕು. ಜೊಲ್ಲಿಗೆ ಅಂತ ಕೊರಳಲ್ಲಿ ಯಾವಾಗಲೂ ಒಂದು ಟವೆಲ್. ಆದರೆ ಕಣ್ಣು ಮಾತ್ರ ಚುರುಕು. ಯಾರಾದರೂ ಟೀಚರ್ ಜಾರಿದರೆ ಮೊದಲು ನಗೋನು ಇವನೇ. ಹೇಳಿದ್ದೆಲ್ಲ ಅರ್ಥವಾಗುತ್ತೆ, ತಿರುಗಿ ಹೇಳೋಕೆ ಬಾಯಿ ಜೊತೆ ಕೊಡಲ್ಲ.

ಇಂಥ ಮಕ್ಕಳಲ್ಲಿ ತುಟಿಯ ಅಕ್ಷರಗಳು ಎಷ್ಟೋ ಸಲ ಮೊದಲು ಸಿಗುತ್ತವೆ. ಪ, ಬ, ಮ. ತುಟಿ ಮುಚ್ಚಿ ಬಿಟ್ಟರೆ ಸಾಕು. ‘ಕ’ ಅನ್ನೋಕೆ ನಾಲಿಗೆಯ ಹಿಂಭಾಗ ಮೇಲೇಳಬೇಕು. ‘ಡ’ ಅನ್ನೋಕೆ ತುದಿ ಮೇಲಕ್ಕೆ ಮಡಚಬೇಕು. ಪುಟ್ಟನ ನಾಲಿಗೆ ಎರಡಕ್ಕೂ ಒಪ್ಪಲ್ಲ. ಹಾಗಾಗಿ ಜೂನ್‌ನಲ್ಲಿ ಅವನ ಗುರಿ ಬರೆಯುವಾಗ ‘ಬೇಕು’ ಪದವನ್ನೇ ಆರಿಸಿಕೊಂಡೆ. ‘ಬೇ’ ಅಂತ ಬಂದರೂ ಸಾಕು, ‘ಕು’ ಆಮೇಲೆ ನೋಡೋಣ ಅಂತ.

‘ಬೇ’ ಬಂತು! ಎರಡು ತಿಂಗಳಲ್ಲಿ ರಿಜಿಸ್ಟರ್ ತುಂಬ ಸರಿ ಗುರುತುಗಳು. ನೀರು ಬೇಕಾ? ಬೇ. ಚೆಂಡು ಬೇಕಾ? ಬೇ. 10ಕ್ಕೆ 8, 10ಕ್ಕೆ 9. ಅವನ ಅಮ್ಮನಿಗೆ ಫೋನಲ್ಲಿ ಕೇಳಿಸಿದಾಗ ಆಕೆ ಅತ್ತುಬಿಟ್ಟರು. ನಾನೂ ಒಳಗೊಳಗೇ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಆಗಸ್ಟ್‌ನ ಒಂದು ಮಂಗಳವಾರ. ಬೆಳಗಿನ ತಿಂಡಿಗೆ ಉಪ್ಪಿಟ್ಟು. ನನಗೆ ಉಪ್ಪಿಟ್ಟಿನ ಮೇಲೆ ವೃತ್ತಿಯ ಕೋಪ ಇದೆ. ನುಂಗೋಕೆ ಕಷ್ಟಪಡುವ ಮಗುವಿಗೆ ಅದು ಬಾಯಲ್ಲಿ ಒಂದು ಮುದ್ದೆಯಾಗಿ ಕೂಡಲ್ಲ, ಉದುರುದುರಾಗಿ ಎಲ್ಲ ಕಡೆ ಹರಡಿಕೊಳ್ಳುತ್ತೆ. ಅದಕ್ಕೇ ಪುಟ್ಟನಿಗೆ ಸ್ವಲ್ಪ ಮೊಸರು ಕಲಸಿ ಮೆತ್ತಗೆ ಮಾಡಿ ಕೊಡಬೇಕು, ಚಮಚ ಮೇಲಿನಿಂದ ಅಲ್ಲ, ಎದುರಿನಿಂದ ತರಬೇಕು, ಗಲ್ಲ ಕೆಳಗಿರಬೇಕು ಅಂತ ಆಯಮ್ಮನಿಗೆ ಹೇಳಿಕೊಟ್ಟಿದ್ದೆ. ಆಕೆ ಅದನ್ನೆಲ್ಲ ತಪ್ಪದೆ ಮಾಡುತ್ತಿದ್ದರು.

"ಇನ್ನೂ ಬೇಕಾ ಕಂದ?"

"ಬೇ."

ಒಂದು ಚಮಚ. ನಿಧಾನಕ್ಕೆ ನುಂಗಿದ.

"ಬೇಕಾ?"

"ಬೇ... ಬೇ."

"ನೋಡಿ ಮಿಸ್, ಇವತ್ತು ರಾಜನ ಥರ ತಿಂತಾವ್ನೆ." ಇನ್ನೊಂದು ಚಮಚ. ನಾನು ಬಾಗಿಲಲ್ಲಿ ನಿಂತು ನಗುತ್ತಾ ನೋಡುತ್ತಿದ್ದೆ. ಕೈಯಲ್ಲಿ ಪೆನ್ನು, ರಿಜಿಸ್ಟರ್.

ಆಗ ಪಕ್ಕದಲ್ಲಿ ಪುಟಾಣಿಗಳ ತಟ್ಟೆ ಎತ್ತಿಡುತ್ತಿದ್ದ ಹುಡುಗಿಯೊಬ್ಬಳು ಬಂದು ಆಯಮ್ಮನ ಮಣಿಕಟ್ಟು ಹಿಡಿದುಕೊಂಡಳು. ಏಳನೇ ಕ್ಲಾಸಿನವಳು. ಹುಟ್ಟಿನಿಂದ ಎರಡೂ ಕಿವಿ ಕೇಳಿಸಲ್ಲ. ಚಮಚ ಗಾಳಿಯಲ್ಲೇ ನಿಂತಿತು. ಅವಳು ನನ್ನ ಕಡೆ ತಿರುಗಿ ಅಂಗೈ ಜೋರಾಗಿ ಅಲ್ಲಾಡಿಸಿದಳು. ಬೇಡ. ಆಮೇಲೆ ಪುಟ್ಟನ ಕಾಲು ತೋರಿಸಿದಳು. ಎರಡೂ ಹಿಮ್ಮಡಿ ಮರದ ಹಲಗೆಯನ್ನು ಒತ್ತಿ ತಳ್ಳುತ್ತಿದ್ದವು. ಮುಖ ಎಡಕ್ಕೆ ತಿರುಗಿತ್ತು. ಅವಳು ಮತ್ತೆ ಅಂಗೈ ಅಲ್ಲಾಡಿಸಿದಳು, ಈ ಸಲ ಸಿಟ್ಟಿನಿಂದ. ಇಷ್ಟು ದೊಡ್ಡವರಿಗೆ ಇದೂ ಗೊತ್ತಾಗಲ್ವಾ ಅನ್ನೋ ಹಾಗೆ.

ಆ ಬಿಗಿತ ನಾನು ನೋಡಿರಲಿಲ್ಲ ಅಂತಲ್ಲ. ದಿನಾ ನೋಡುತ್ತಿದ್ದೆ. ಈ ಮಕ್ಕಳು ಖುಷಿಯಾದರೂ ಮೈ ಸೆಟೆಸುತ್ತಾರೆ, ಸದ್ದಿಗೆ ಬೆಚ್ಚಿದರೂ ಸೆಟೆಸುತ್ತಾರೆ. ಹಾಗಾಗಿ ‘ಸ್ಪಾಸ್ಟಿಸಿಟಿ’ ಅಂತ ಒಂದು ಪದ ಬರೆದು ಫಿಸಿಯೋಥೆರಪಿಯವರ ಕಾಲಂಗೆ ತಳ್ಳಿಬಿಟ್ಟಿದ್ದೆ.

ಮಧ್ಯಾಹ್ನ ಅವನನ್ನು ನನ್ನ ರೂಮಿಗೆ ಕರೆದುಕೊಂಡು ಬಂದೆ. ಹಾಲಲ್ಲಿ ನೆನೆಸಿದ ಬಿಸ್ಕೆಟ್ ಅಂದರೆ ಅವನಿಗೆ ಪ್ರಾಣ. ಬಾಳೆಹಣ್ಣು ಕಂಡರೆ ಆಗಲ್ಲ. ಎರಡನ್ನೂ ಅದಲು ಬದಲು ಮಾಡಿ ಹತ್ತು ಸಲ ತೋರಿಸಿದೆ. ಫೋನಲ್ಲಿ ವಿಡಿಯೋ ಮಾಡಿಕೊಂಡೆ. ಹತ್ತಕ್ಕೆ ಹತ್ತು ಸಲವೂ ‘ಬೇ’.

ರಾತ್ರಿ ಮನೆಯಲ್ಲಿ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೇಳಿದೆ. ಯಾವುದು ಬಿಸ್ಕೆಟ್ಟಿನ ‘ಬೇ’, ಯಾವುದು ಬಾಳೆಹಣ್ಣಿನ ‘ಬೇ’? ಉದ್ದ ಒಂದೇ, ಏರಿಳಿತ ಒಂದೇ. ನನ್ನ ಪಳಗಿದ ಕಿವಿಗೆ ಏನೂ ಸಿಗಲಿಲ್ಲ. ಆಮೇಲೆ ಸೌಂಡ್ ಪೂರ್ತಿ ಆಫ್ ಮಾಡಿ ನೋಡಿದೆ. ಮೂರನೇ ಸಲ ನೋಡುವಷ್ಟರಲ್ಲಿ ಹತ್ತೂ ಗೊತ್ತಾಯಿತು. ಬಿಸ್ಕೆಟ್ಟಿಗೆ ಭುಜ ಕೆಳಗಿಳಿಯುತ್ತೆ, ಬಾಯಿ ಮೊದಲೇ ತೆರೆಯುತ್ತೆ. ಬಾಳೆಹಣ್ಣಿಗೆ ಹಿಮ್ಮಡಿ ಒತ್ತುತ್ತೆ, ಕಣ್ಣು ಎಡಕ್ಕೆ ಹೋಗುತ್ತೆ. ಆ ಹುಡುಗಿ ಮೊದಲಿನಿಂದಲೂ ನೋಡುತ್ತಿದ್ದದ್ದು ಇದೇ ಸೌಂಡಿಲ್ಲದ ವಿಡಿಯೋ.

ಬೇಕು, ಬೇಡ. ಕನ್ನಡದಲ್ಲಿ ಇವೆರಡೂ ಒಂದೇ ಅಕ್ಷರದಿಂದ ಶುರುವಾಗುತ್ತವೆ ಅನ್ನೋದು ಹುಟ್ಟಿದಾಗಿನಿಂದ ಕನ್ನಡ ಮಾತಾಡುವ ನನಗೆ ಹೊಳೆದಿರಲೇ ಇಲ್ಲ. ಎರಡನ್ನೂ ಬೇರೆ ಮಾಡೋದು ಕೊನೆಯ ‘ಕು’ ಮತ್ತು ‘ಡ’, ಪುಟ್ಟನ ಬಾಯಲ್ಲಿ ಬರದೇ ಇರುವ ಅದೇ ಎರಡು. ತಮಿಳಿನಲ್ಲೂ ಇದೇ ಗೋಳು: ವೇಣುಂ, ವೇಂಡಾಂ. ನಾವು ಓದಿದ ಪುಸ್ತಕಗಳು ಇಂಗ್ಲಿಷಿನವು. ಅಲ್ಲಿ ಬೇಕು ಅನ್ನೋ ಪದಕ್ಕೂ ಬೇಡ ಅನ್ನೋ ಪದಕ್ಕೂ ಸಂಬಂಧವೇ ಇಲ್ಲ. ಮಾತು ಬಾರದ ಮಕ್ಕಳು ತೋರಿಸಿ ಹೇಳೋಕೆ ಅಂತ ಇರುವ ಅಲ್ಲಿನ ಚಿತ್ರದ ಬೋರ್ಡ್‌ಗಳಲ್ಲಿ ಬೇಕು ಎಡಗಡೆ ಮೊದಲು ಬರುತ್ತೆ, ಆಮೇಲೆ ನೀರು, ಊಟ. ನಮ್ಮಲ್ಲಿ ‘ನೀರು ಬೇಕು’ ಅಲ್ವಾ? ಅದನ್ನು ಮಾತ್ರ ಜಾಣತನದಿಂದ ಬಲಗಡೆಗೆ ಬದಲಾಯಿಸಿದ್ದೆ. ಬೇಡ ಅನ್ನೋ ಚಿತ್ರವನ್ನು ಪುಟ್ಟನ ಬೋರ್ಡಿನಲ್ಲಿ ಹಾಕೇ ಇರಲಿಲ್ಲ. ಬೇಡ ಅನ್ನೋದು ಕಲಿಸೋ ಮಾತಾ, ಅದು ತಾನಾಗೇ ಬರುತ್ತೆ ಅಂದುಕೊಂಡಿದ್ದೆ.

ರಿಜಿಸ್ಟರ್ ತಿರುವಿ ಹಾಕಿದೆ. ಆ ಸರಿ ಗುರುತುಗಳಲ್ಲಿ ಎಷ್ಟು ‘ಬೇಡ’ ಇದ್ದವೋ. ಬೇಡ ಅಂದ ಮಗುವಿಗೆ ಎರಡು ತಿಂಗಳು ‘ವೆರಿ ಗುಡ್’ ಅಂತ ಚಪ್ಪಾಳೆ ತಟ್ಟಿ ತಿನ್ನಿಸಿದ್ದೇವೆ. ಹೆಡ್‌ಮಿಸ್‌ಗೆ ಹೇಳಿ ಜೂನ್, ಜುಲೈ ರಿಪೋರ್ಟ್ ವಾಪಸ್ ತೆಗೆದುಕೊಂಡೆ. ಅವನ ಅಮ್ಮನಿಗೆ ಹೇಳೋದೇ ಜಾಸ್ತಿ ಕಷ್ಟವಾಯಿತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದಿನಾ ರಾತ್ರಿ ಹಾಲು..." ಅಂದರು. ಮುಂದೆ ಹೇಳಲಿಲ್ಲ.

ಮಾರನೇ ದಿನ ಎರಡು ಕಾರ್ಡ್ ಮಾಡಿದೆ. ಅಂಗೈ ಅಲ್ಲಾಡಿಸುವ ಕೈಯ ಚಿತ್ರ ಬಿಡಿಸಿದ್ದು ಆ ಹುಡುಗಿಯೇ. ಅದು ಕುರ್ಚಿ ಹಲಗೆಯ ಎಡ ತುದಿಗೆ, ಬೇಕು ಬಲ ತುದಿಗೆ. ಕಣ್ಣು ಯಾವ ಕಡೆ ಹೋಯಿತು ಅಂತ ಅನುಮಾನ ಬರದ ಹಾಗೆ ಆದಷ್ಟು ದೂರ ದೂರ ಅಂಟಿಸಿದೆ. ‘ಬೇ’ ಅಂದ ಮೇಲೆ ಕಣ್ಣಿನಲ್ಲಿ ತೋರಿಸಬೇಕು. ಅವನಿಗೆ ಅರ್ಥವಾಗೋಕೆ ಹಿಡಿದದ್ದು ಅರ್ಧ ಗಂಟೆ. ನಮಗೆ ಅಭ್ಯಾಸವಾಗೋಕೆ ಎರಡು ವಾರ. ಪ್ರಶ್ನೆ ಕೇಳಿ ಕಾಯೋದು ಅಂದರೆ ನಮಗ್ಯಾರಿಗೂ ಬರಲ್ಲ. ನಾನೇ ಮನಸ್ಸಲ್ಲಿ ಹತ್ತರವರೆಗೆ ಎಣಿಸುತ್ತಿದ್ದೆ.

ಆಮೇಲೆ ಶುರುವಾಯಿತು ನೋಡಿ ಮಜಾ. ಶುಕ್ರವಾರ ಒಂದೇ ದಿನ 23 ಸಲ ಬೇಡ ಅಂದ. ಉಪ್ಪಿಟ್ಟು ಬೇಡ. ಸ್ವೆಟರ್ ಬೇಡ. ಪ್ರಾರ್ಥನೆ ಬೇಡ. ಗಾಳಿ ಊದೋ ಆಟ, ನನ್ನ ಇಷ್ಟದ್ದು, ಬೇಡ. ಕೊನೆಗೆ "ಮಿಸ್ ಬೇಕಾ?" ಅಂದೆ. ಎಡಕ್ಕೆ ನೋಡಿ ಬಿದ್ದು ಬಿದ್ದು ನಕ್ಕ. ಹೊರಗೆ ಕಳಿಸಿದೆ, ಹೇಳಿದ ಮೇಲೆ ಕೇಳಬೇಕಲ್ಲ. ಆಯಮ್ಮ ಮಾತ್ರ ಗೊಣಗಿದರು: "ಮಾತು ಕಲ್ಸಿ ಅಂದ್ರೆ ಹಟ ಕಲ್ಸಿದ್ರಿ."

ಸೆಪ್ಟೆಂಬರ್‌ನಲ್ಲಿ ಒಂದು ಕುಟುಂಬ ಮಗಳ ಬರ್ತ್‌ಡೇ ಮಾಡೋಕೆ ನಮ್ಮ ಸ್ಕೂಲಿಗೆ ಬಂತು. ಇಂಥ ಶಾಲೆಗಳಲ್ಲಿ ಇದು ಮಾಮೂಲು. ಮಧ್ಯಾಹ್ನದ ಊಟದ ಖರ್ಚು ಅವರದ್ದು, ಒಂದು ದೊಡ್ಡ ಕೇಕು, ಫೋಟೋ. ಒಳ್ಳೆಯ ಜನ, ತಪ್ಪು ಹೇಳೋಕಾಗಲ್ಲ. ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿದ್ದೆವು. ಯಜಮಾನರು ಪುಟ್ಟನ ಮುಂದೆ ಬಗ್ಗಿ, ಕ್ರೀಮಿರೋ ಕೇಕಿನ ತುಂಡು ಅವನ ತುಟಿಯ ಹತ್ತಿರ ಹಿಡಿದು ಕ್ಯಾಮೆರಾ ಕಡೆ ತಿರುಗಿದರು.

"ಬೇ," ಅಂದ ಪುಟ್ಟ.

"ಆಹಾ, ಬೇಕಂತೆ!"

ಪುಟ್ಟನ ಕಣ್ಣು ಎಡ ತುದಿಗೆ ಹೋಗಿ ಅಲ್ಲೇ ನಿಂತಿತು. ನಾನು ಹಿಂದಿನ ಸಾಲಿನಲ್ಲಿದ್ದೆ. ಬಾಯಿ ತೆರೆಯುವ ಮೊದಲೇ ಕುರ್ಚಿ ಹಿಂದೆ ನಿಂತಿದ್ದ ಆಯಮ್ಮ ಕೈ ಅಡ್ಡ ತಂದರು.

"ಬೇಡ ಅಂತಾವ್ನೆ ಸಾರ್."

ಅವರು ಒಂದು ಕ್ಷಣ ಕೇಕು ಹಿಡಿದುಕೊಂಡೇ ನಿಂತರು. ಎಲ್ಲಿ ಇಡೋದು ಅಂತ ಗೊತ್ತಾಗಲಿಲ್ಲ. ಆಮೇಲೆ ತಮ್ಮ ಬಾಯಿಗೇ ಹಾಕಿಕೊಂಡರು. ಫೋಟೋ ಬಂದಿದ್ದು ಆಗಲೇ. ಅದರಲ್ಲಿ ಅವರ ಮೀಸೆಗೆಲ್ಲ ಕ್ರೀಮು. ಪುಟ್ಟ ಬಾಯಗಲಿಸಿ ನಗುತ್ತಿದ್ದಾನೆ.